ಮಾಡು ಹಾರಿದ ಮರುದಿನ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ. ಕೇಳಿದವರ ಒತ್ತಾಯದ ಮೇರೆಗೆ ಬರೆದುಕೊಟ್ಟದ್ದು.)



ಈ ಕೂಟದಲ್ಲಿ ಸಾಮಾನ್ಯವಾಗಿ ಸಾಹಿತ್ಯದ ಮಾತು ನಡೆಯುತ್ತದೆ. ಕಳೆದ ಸಲ ವಚನಗಳ ವಿಷಯವಾಗಿ ಸೊಗಸಾದ ಉಪನ್ಯಾಸವಾಯಿತು. ಈ ಸಲ ಕಾರ್ಯದರ್ಶಿಗಳು ನಮ್ಮ ಕಡೆಗೆ ತಿರುಗಿ, "ನಿಮ್ಮ ಮನೆಯ ತಗಡು ಹಾರಿದ ಕಥೆಯನ್ನೇ ಹೇಳಿರಿ, ಮಳೆಗಾಲ ಬಂತು" ಎಂದರು. ವಚನದ ಮೇಲೆ ತಗಡು! ಆದರೂ ಒಪ್ಪಿಕೊಂಡೆವು. ಇಲ್ಲಿ ಕುಳಿತವರಲ್ಲಿ ಅರ್ಧ ಜನ ತಗಡಿನ ಕೆಳಗೆ ಮಲಗುವವರೇ ಆಗಿದ್ದೀರಿ, ಉಳಿದವರ ಊರಮನೆ ಯಾವುದೋ ಒಂದು ಮಾಡಿನ ಕೆಳಗಿದೆ.

2020ನೆಯ ಇಸವಿ, ಜೂನ್ 3. 'ನಿಸರ್ಗ' ಎಂಬ ಚಂಡಮಾರುತ ಮಧ್ಯಾಹ್ನದ ಹೊತ್ತಿಗೆ ರಾಯಗಡ ಜಿಲ್ಲೆಯಲ್ಲಿ, ಅಲಿಬಾಗದ ದಕ್ಷಿಣಕ್ಕೆ ದಂಡೆ ಹತ್ತಿತು. ಸಮುದ್ರಕ್ಕೂ ನಮಗೂ ನಡುವೆ ಸಹ್ಯಾದ್ರಿ ಇದೆಯಲ್ಲ ಎಂದು ನಾವು ನಿಶ್ಚಿಂತರಾಗಿದ್ದೆವು. ಗಾಳಿ ಘಟ್ಟವನ್ನು ಲೆಕ್ಕಕ್ಕೆ ಇಡಲಿಲ್ಲ. ಮಾವಳ, ಮುಳಶಿ, ಖೇಡ, ಜುನ್ನರ ತಾಲೂಕುಗಳಲ್ಲಿ ಮನೆಗಳ, ಶಾಲೆಗಳ ತಗಡು ಹಾರಿದುವು, ಹೂವಿನ ಬೇಸಾಯದ ಪಾಲಿಹೌಸುಗಳು ನೆಲ ಕಚ್ಚಿದುವು, ಪುಣೆಯ ಬೀದಿಗಳಲ್ಲಿ ಮರಗಳು ಅಡ್ಡ ಬಿದ್ದುವು. ಅದು ಲಾಕ್‌ಡೌನಿನ ಕಾಲ. ಶ್ರಮಿಕ ರೈಲು ಹತ್ತಿ, ಸಿಕ್ಕ ವಾಹನ ಹತ್ತಿ ನಮ್ಮವರು ಅನೇಕರು ಊರಿಗೆ ಹೋಗಿಬಿಟ್ಟಿದ್ದರು. ನಮ್ಮ ಗಲ್ಲಿಯಲ್ಲಿ ಅರ್ಧಕ್ಕರ್ಧ ಖೋಲಿಗಳಿಗೆ ಬೀಗ. ಹಾರಿಬಂದ ತಗಡು ಯಾರ ಮನೆಯದೆಂದು ಕೇಳಲಿಕ್ಕೆ ಕೂಡ ಮನುಷ್ಯರಿರಲಿಲ್ಲ.

ನಮ್ಮ ಮನೆ ಧಾಯರಿಯ ಕಡೆ. ಕೆಳಗೆ ಸ್ಲ್ಯಾಬಿನ ಎರಡು ಖೋಲಿ, ಮೇಲೆ ಇಟ್ಟಿಗೆಯ ಗೋಡೆ ಎಬ್ಬಿಸಿ ತಗಡು ಹೊದಿಸಿದ ಒಂದು ಖೋಲಿ. ಬ್ಯಾಂಕಿನ ಸಾಲ ಪಡೆದು, ಪಗಾರದಲ್ಲಿ ಕಂತು ಕಟ್ಟುತ್ತ ಮಾಡಿಕೊಂಡದ್ದು. ಆ ದಿನ ಹದಿನಾಲ್ಕು ತಗಡುಗಳಲ್ಲಿ ಒಂಬತ್ತು ಹೋದುವು. ಎರಡು ಕಬ್ಬಿಣದ ಆಂಗಲ್ ಬಿಲ್ಲಿನ ಹಾಗೆ ಬಾಗಿದುವು. ಹಾಸಿಗೆ, ಮಕ್ಕಳ ಪುಸ್ತಕ, ಹೊಲಿಗೆಯ ಯಂತ್ರ ಎಲ್ಲಕ್ಕೂ ಜಲಾಭಿಷೇಕ.

ನಾವು ಏನು ಮಾಡಿದೆವು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. "ಮೊದ್ಲ ಮಾಡು ಮುಚ್ಚಸ್ರಿ, ಉಳಿದದ್ದು ಆಮ್ಯಾಲೆ ನೋಡೋಣಂತ" ಎಂದು ಮನೆಯಲ್ಲಿ ಹೇಳಿದರು. ಅದರಲ್ಲಿ ತಪ್ಪೇನಿದೆ? ಆಕಾಶ ಕಪ್ಪಾಗಿತ್ತು. ಮೂರನೆಯ ದಿನ ಮಿಸ್ತ್ರಿ ಸಿಕ್ಕ, ಹೊಸ ತಗಡು ಬಂದಿತು, ಮಾಡು ಮುಚ್ಚಿತು. ಹರಿದ ತಗಡು, ಬಾಗಿದ ಆಂಗಲ್ ಭಂಗಾರದವನ ಗಾಡಿ ಏರಿದುವು. ಖರ್ಚು 46 ಸಾವಿರ ರೂಪಾಯಿ. ಒಂದು ಫೋಟೋ ಇಲ್ಲ, ಸರಿಯಾದ ಬಿಲ್ಲಿಲ್ಲ. ಮಿಸ್ತ್ರಿ ಸಿಗರೇಟಿನ ಪೊಟ್ಟಣದ ಹಿಂಬದಿಗೆ ಲೆಕ್ಕ ಬರೆದುಕೊಟ್ಟಿದ್ದ.

ಮೂರು ವಾರದ ಮೇಲೆ ಸಾಲದ ಖಾತೆಯ ಉತಾರ ನೋಡುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು: 'ವಿಮಾ ಪ್ರೀಮಿಯಂ'. ಬ್ಯಾಂಕಿಗೆ ಹೋಗಿ ಕೇಳಿದೆವು. ಅಲ್ಲಿಯ ಗುಮಾಸ್ತೆ ಕಡತ ತೆಗೆದು, "ನಿಮ್ಮ ಮನೆಗೆ ವಿಮೆ ಇದೆಯಲ್ಲ, ಸಾಲ ಕೊಡುವಾಗಲೇ ಮಾಡಿಸಿದ್ದು. ನಿಮಗೆ ಗೊತ್ತಿಲ್ಲವೆ?" ಎಂದರು. ನಾವೂ ಗುಮಾಸ್ತಿಕೆ ಮಾಡಿಯೇ ತಲೆ ಹಣ್ಣಾದವರು. ಪರರ ಕಾಗದವನ್ನೆಲ್ಲ ಓದಿ, ನಮ್ಮ ಕಾಗದವನ್ನು ಮಾತ್ರ ಓದಿರಲಿಲ್ಲ.

ಆದ್ದರಿಂದ ಮೊದಲನೆಯ ಮಾತು ಇದು. ಮನೆಯ ಸಾಲ ಪಡೆದವರು ನಾಳೆಯೇ ಬ್ಯಾಂಕಿಗೆ ಹೋಗಿ, ಕಟ್ಟಡದ ಮೇಲೆ ವಿಮೆ ಇದೆಯೆ, ಇದ್ದರೆ ಯಾವ ಕಂಪನಿಯದು, ಯಾವ ತಾರೀಖಿನ ವರೆಗೆ ಎಂದು ಕೇಳಿ ಪಾಲಿಸಿಯ ಪ್ರತಿ ತರಬೇಕು. ಸಾಲ ಕೊಟ್ಟವರು ತಮ್ಮ ಹಣದ ಭದ್ರತೆಗಾಗಿ ವಿಮೆ ಮಾಡಿಸಿರುತ್ತಾರೆ, ಪ್ರೀಮಿಯಂ ನಮ್ಮ ಖಾತೆಯಿಂದಲೇ ಹೋಗುತ್ತದೆ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆಯನ್ನೂ ಬ್ಯಾಂಕಿನವರು ಮಾಡಿಸುವುದುಂಟು. ಅದು ಬೇರೆ, ಕಟ್ಟಡದ ವಿಮೆ ಬೇರೆ. ಎರಡನ್ನೂ ಬೆರೆಸಬೇಡಿರಿ.

ನಮ್ಮ ಕ್ಲೇಮಿನ ಗತಿ ಹೇಳಿ ಮುಂದೆ ಹೋಗೋಣ. ತಡವಾಗಿಯಾದರೂ ಅರ್ಜಿ ಹಾಕಿದೆವು. ಸರ್ವೇಯರ್ ಬಂದರು. ಸಭ್ಯ ಮನುಷ್ಯರು. ಮೇಲೆ ಹತ್ತಿ ನೋಡಿ, "ನನಗೆ ಕಾಣುವುದು ಹೊಸ ಮಾಡು. ಹಾರಿದ ಮಾಡು ಎಲ್ಲಿ?" ಎಂದರು. ಏನು ಉತ್ತರ ಕೊಡೋಣ? ಅವರು ನೆರೆಯವರನ್ನು ಕೇಳಿ, ಗೋಡೆಯ ಮೇಲೆ ಉಳಿದಿದ್ದ ಹಳೆಯ ತಗಡುಗಳನ್ನು ನೋಡಿ, ನಾಲ್ಕು ತಗಡು ಹೋಗಿರಬಹುದೆಂದು ಒಪ್ಪಿಕೊಂಡರು. ನಮ್ಮದು ಹಳೆಯ ಮಾದರಿಯ ಪಾಲಿಸಿ, ಮಾರುಕಟ್ಟೆ ಬೆಲೆಯ ಆಧಾರದ್ದು. ಎಂದರೆ ತಗಡಿಗೆ ವಯಸ್ಸಾದಷ್ಟೂ ಬೆಲೆ ಕಡಿತ. ಅದರ ಮೇಲೆ ಇನ್ನೊಂದು ಕಡಿತ: ಮನೆಯನ್ನು ಮತ್ತೆ ಕಟ್ಟಲು ಹತ್ತು ಲಕ್ಷ ಬೇಕಾಗುವಲ್ಲಿ ಐದು ಲಕ್ಷಕ್ಕೆ ಮಾತ್ರ ವಿಮೆ ಇದ್ದರೆ, ಒಂದು ಲಕ್ಷದ ಹಾನಿಗೆ ಐವತ್ತು ಸಾವಿರವೇ ಸಿಗುವುದು. ಉಳಿದರ್ಧಕ್ಕೆ ನೀವೇ ವಿಮೆ ಇಳಿಸಿದವರು ಎಂಬ ತರ್ಕ. ಎಲ್ಲ ಕಳೆದು ಉಳಿದದ್ದು ಒಂಬತ್ತು ಸಾವಿರದ ಚಿಲ್ಲರೆ. ಅದೂ ನಮ್ಮ ಕೈಗೆ ಬರಲಿಲ್ಲ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದುದರಿಂದ ಸಾಲದ ಖಾತೆಗೆ ಜಮೆಯಾಯಿತು. ದುರಸ್ತಿಗೆ ಹಣ ನಮಗೇ ಬೇಕಿದ್ದರೆ ಬ್ಯಾಂಕಿನಿಂದ ಮುಂಚಿತವಾಗಿ ಒಪ್ಪಿಗೆಯ ಪತ್ರ ತರಬೇಕಿತ್ತೆಂದು ಆಮೇಲೆ ತಿಳಿಯಿತು.

ಈಗ ಈ ವಿಷಯದಲ್ಲಿ ಒಳ್ಳೆಯ ಬದಲಾವಣೆಯಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಕುಸಿತ, ಮರ ಮೇಲೆ ಬೀಳುವುದು, ಇವೆಲ್ಲ ಅದರೊಳಗೆ ಬರುತ್ತವೆ. ಈ ಪಾಲಿಸಿಯಲ್ಲಿ ನಾವು ಹೇಳಿದ ಅರ್ಧಕ್ಕರ್ಧ ಕಡಿತವಿಲ್ಲ. ಮನೆಯ ವಿಸ್ತೀರ್ಣವನ್ನು ಸುಳ್ಳಿಲ್ಲದೆ ಬರೆಸಿದ್ದರೆ ಸಾಕು. ಕಟ್ಟಡದ ದುರಸ್ತಿಗೆ ಈಗ ಬೀಳುವ ಖರ್ಚೇ ಆಧಾರ. ಕಟ್ಟಡಕ್ಕೆ ವಿಮೆ ಇದ್ದರೆ ಒಳಗಿನ ಸಾಮಾನಿಗೂ ಅದರ ಶೇಕಡಾ 20ರಷ್ಟು, ಹೆಚ್ಚೆಂದರೆ ಹತ್ತು ಲಕ್ಷದ ವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ನೆನೆದ ಹೊಲಿಗೆಯ ಯಂತ್ರವನ್ನು ಮರೆಯಬೇಡಿರಿ ಎಂದು ಇದರ ಅರ್ಥ.

ವಿಮೆಯ ಮೊತ್ತವನ್ನು ಕಟ್ಟುವ ಖರ್ಚಿನ ಮೇಲೆ ಎಣಿಸಬೇಕೇ ಹೊರತು ಮಾರುವ ಬೆಲೆಯ ಮೇಲಲ್ಲ. ಪುಣೆಯಲ್ಲಿ ಅರ್ಧ ಗುಂಟೆಗೆ ಚಿನ್ನದ ಬೆಲೆ. ಆದರೆ ಗಾಳಿ ಜಾಗವನ್ನು ಹೊತ್ತೊಯ್ಯುವುದಿಲ್ಲವಷ್ಟೆ! ಜಾಗದ ಬೆಲೆ ಸೇರಿಸಿ ಹೆಚ್ಚಿನ ಪ್ರೀಮಿಯಂ ಕಟ್ಟುವುದು ವ್ಯರ್ಥ. ಹಾಗೆಯೇ ಗೋಡೆ ಯಾವುದರದು, ಮಾಡು ಯಾವುದರದು ಎಂಬಲ್ಲಿ ತಗಡನ್ನು ಸ್ಲ್ಯಾಬ್ ಎಂದು ಬರೆಸಿದರೆ, ಆ ಸುಳ್ಳು ಹೊರಗೆ ಬರುವುದು ನಿಮಗೆ ಹಣ ಬೇಕಾದ ದಿನವೇ.

ಇನ್ನು ಎರಡನೆಯ ಕಥೆ. ಭೋಸರಿಯ ಕಾರಖಾನೆಯಲ್ಲಿ ಲೇಥ್ ನಡೆಸುವ ನಮ್ಮ ಊರ ಕಡೆಯ ಗೃಹಸ್ಥರೊಬ್ಬರಿದ್ದಾರೆ. 2023ರ ಏಪ್ರಿಲ್‌ನಲ್ಲಿ, ಇಲ್ಲಿಯವರು 'ವಳೀವ' ಎನ್ನುವ, ನಮ್ಮ ಕಡೆ ಅಡ್ಡಮಳೆ ಎನ್ನುವ ಮಳೆಯಲ್ಲಿ ಅವರ ಮಾಡಿಗೆ ನಮ್ಮ ಗತಿಯೇ ಬಂದಿತು. ರಾತ್ರಿ ಎಂಟಕ್ಕೆ ಫೋನು.

"ಅಣ್ಣಾರ, ತಗಡೆಲ್ಲ ಹೋದೂರಿ."

"ಮಕ್ಕಳು ಹ್ಯಾಂಗದಾರ?"

"ಹುಡುಗರು ಮಗ್ಗಲ ಮನ್ಯಾಗ ಅದಾರ್ರಿ. ಭಂಗಾರದವನಿಗೆ ಹೇಳಲೇನ್ರಿ?"

"ಏನೂ ಎತ್ತಬ್ಯಾಡ್ರಿ, ಬಂದೆವು!"

ಕರೆಂಟಿನ ತಂತಿ ಹರಿದು ಬಿದ್ದಿದ್ದರಿಂದ ಮೊದಲು ಅದರ ಗೊಡವೆ. ಜೀವಕ್ಕಿಂತ ಕ್ಲೇಮು ದೊಡ್ಡದಲ್ಲ. ತಂತಿಯವರು ಬಂದು ಹೋದ ಮೇಲೆ ಮೊಬೈಲಿನಿಂದ ಫೋಟೋ ತೆಗೆದೆವು: ಬೀದಿಯಿಂದ ಇಡೀ ಮನೆ, ಒಳಗಿನಿಂದ ಆಕಾಶ ಕಾಣುವ ಹಾಗೆ, ಬಿದ್ದಲ್ಲೇ ಬಿದ್ದ ತಗಡು, ಬಾಗಿದ ಆಂಗಲ್, ನೆನೆದ ಸಾಮಾನು ಒಂದೊಂದು. ಪಕ್ಕದ ಎರಡು ಮನೆಗಳ ಹಾರಿದ ಮಾಡನ್ನೂ ಅವರನ್ನು ಕೇಳಿಯೇ ತೆಗೆದುಕೊಂಡೆವು. ಆಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದೆವು.

ಇಲ್ಲಿ ನಮ್ಮ ಜನರಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಸರ್ವೇಯರ್ ಬರುವ ತನಕ ಏನೂ ಮುಟ್ಟಬಾರದೆಂದು ಕೆಲವರು ಮಕ್ಕಳು ಮರಿಯೊಂದಿಗೆ ನೆನೆಯುತ್ತ ಕುಳಿತಿರುತ್ತಾರೆ. ಹಾನಿ ಮುಂದುವರಿಯದ ಹಾಗೆ ತಕ್ಕ ಎಚ್ಚರ ವಹಿಸುವುದು ವಿಮೆ ಇಳಿಸಿದವನ ಕರ್ತವ್ಯವೆಂದು ಪಾಲಿಸಿಯೇ ಹೇಳುತ್ತದೆ. ತಾಡಪತ್ರಿ ಹೊದಿಸಿರಿ, ರಸೀದಿ ಇಟ್ಟುಕೊಳ್ಳಿರಿ. ಮಾಡಬಾರದ್ದೆಂದರೆ ಪಕ್ಕಾ ದುರಸ್ತಿ, ಮತ್ತು ಮುರಿದುದನ್ನು ಮಾರುವುದು. ಮುರಿದ ತಗಡೇ ನಿಮ್ಮ ಸಾಕ್ಷಿ. ಆ ಗೃಹಸ್ಥರು ತಮ್ಮ ತಗಡುಗಳನ್ನು ಗೋಡೆಗೆ ಒರಗಿಸಿ ಸರಪಳಿ ಹಾಕಿ ಬೀಗ ಜಡಿದರು. ಭಂಗಾರದವನು ಮೂರು ಸಲ ಬಂದು ಹೋದ.

ಅದೇ ರಾತ್ರಿ ಕಂಪನಿಯ ಫೋನಿಗೆ ತಿಳಿಸಿದರು, ಮರುದಿನ ಬರೆದೂ ಕಳಿಸಿದರು. ಕ್ಲೇಮಿನ ನಂಬರು ಸಿಕ್ಕಿತು. ಆ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು. ಸರಿಯಾದ ಕೆಲಸ, ಮೊಬೈಲು ನೆನೆದರೂ ಕ್ಯಾಲೆಂಡರು ಉಳಿಯುತ್ತದೆ. ಫಾರ್ಮು, ಪಾಲಿಸಿಯ ಪ್ರತಿ, ಮಿಸ್ತ್ರಿಯ ಅಂದಾಜು ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಇವು ಎಲ್ಲರೂ ಕೇಳುವಂಥವು. ಪಟ್ಟಿಯಲ್ಲಿ 'ಮಾಡಿನ ಕೆಲಸ, ಒಟ್ಟು ಇಷ್ಟು' ಎಂದು ಒಂದೇ ಸಾಲು ಬರೆಸಬೇಡಿರಿ. ತಗಡು ಎಷ್ಟು, ಅಳತೆ, ದಪ್ಪ, ದರ, ಆಂಗಲ್, ಹುಕ್ಕು, ಕೂಲಿ ಎಂದು ಬೇರೆ ಬೇರೆ ಇರಲಿ.

ಸರ್ವೇಯರ್ ಬಂದ ದಿನ ನಾವೂ ಹೋಗಿದ್ದೆವು. ಅವರು ಹುಕ್ಕುಗಳನ್ನು ಕೈಯಲ್ಲಿ ಹಿಡಿದು, "ಇವು ತುಕ್ಕು ಹಿಡಿದಿವೆ. ಇದು ಬಿರುಗಾಳಿಯ ಹಾನಿಯಲ್ಲ, ಸವಕಳಿ" ಎಂದರು. ಇಡೀ ಜಗಳ ಇರುವುದು ಈ ಒಂದು ಶಬ್ದದಲ್ಲಿ. ಹಳೆಯದಾಗಿ ಸವೆದು ಹೋದುದಕ್ಕೆ ವಿಮೆಯಿಲ್ಲ. ಬಿರುಗಾಳಿಗೆ ಹೋದುದಕ್ಕೆ ಉಂಟು. ಆದರೆ ಯಾವ ಮಾಡಿನಲ್ಲಿ ಒಂದಿಷ್ಟು ತುಕ್ಕಿಲ್ಲ, ಹೇಳಿರಿ?

ನಮ್ಮ ಲೇಥಿನ ಗೃಹಸ್ಥರು ಓದಿದ್ದು ಏಳನೆಯ ಇಯತ್ತೆ. ಕಬ್ಬಿಣದ ವಿಷಯದಲ್ಲಿ ಮಾತ್ರ ಅವರಿಗೆ ಪಾಠ ಹೇಳುವವರಿಲ್ಲ. ಅವರು ಮುರಿದ ಹುಕ್ಕಿನ ತುದಿಯನ್ನು ತೋರಿಸಿ ಹೇಳಿದರು: "ಸಾಹೇಬರ, ತುಕ್ಕು ತಿಂದು ಮುರಿದಿದ್ರ ಮುರಿದ ಜಾಗಾ ಪೂರಾ ಕೆಂಪಗೆ, ಪುಡಿಪುಡಿ ಇರಬೇಕಿತ್ರಿ. ಇಲ್ಲಿ ಅಂಚಿಗಷ್ಟ ತುಕ್ಕೈತಿ, ನಡುವ ಬೆಳ್ಳಗ ಹೊಳೀತೈತಿ. ಇದು ಎಳೆದು ಮುರಿದದ್ದು. ತಗಡಿನ ತೂತು ನೋಡ್ರಿ, ಗುಂಡಗೆ ಉಳದಿಲ್ಲ, ಉದ್ದಕ ಹರದೈತಿ." ಸರ್ವೇಯರ್ ಕನ್ನಡಕ ಏರಿಸಿಕೊಂಡು ನೋಡಿದರು. ಹಿಂದಿ, ಮರಾಠಿ, ಕನ್ನಡ ಮೂರೂ ಬೆರೆತ ಮಾತು. ಅರ್ಥ ಮಾತ್ರ ಸ್ಪಷ್ಟವಾಗಿ ಮುಟ್ಟಿತು.

ಗಾಳಿ ಮಾಡನ್ನು ಒತ್ತಿ ಕೆಡವುತ್ತದೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಎತ್ತುತ್ತದೆ. ಮಾಡಿನ ಮೇಲೆ ವೇಗವಾಗಿ ಹಾಯುವ ಗಾಳಿ ಮೇಲಿನ ಒತ್ತಡವನ್ನು ಇಳಿಸುತ್ತದೆ. ತೆರೆದ ಬಾಗಿಲು ಕಿಟಕಿಯಿಂದ ಒಳಹೊಕ್ಕ ಗಾಳಿ ಕೆಳಗಿನಿಂದ ತಳ್ಳುತ್ತದೆ. ಅಂಚಿನ ತಗಡು ಮೊದಲು ಏಳುತ್ತದೆ, ಅದರ ಹಿಂದೆ ಉಳಿದವು. ಆದ್ದರಿಂದಲೇ ಹುಕ್ಕು ಎಳೆಯಲ್ಪಡುತ್ತದೆ, ತೂತು ಉದ್ದಕ್ಕೆ ಹರಿಯುತ್ತದೆ. ಮಾಡಿನ ಮೇಲೆ ಕಲ್ಲು ಹೇರುವವರು ಇದನ್ನು ನೆನಪಿಡಬೇಕು. ಗಾಳಿ ಎತ್ತಿದ ತಗಡಿನ ಮೇಲಿನ ಕಲ್ಲು ಯಾರ ತಲೆಯ ಮೇಲೆ ಬೀಳುವುದೋ ಬಲ್ಲವರಾರು?

ಸರ್ವೇಯರ್ ಇನ್ನೊಂದು ಪಟ್ಟು ಹಾಕಿದರು. ಶಿವಾಜಿನಗರದ ಹವಾಮಾನ ಕಚೇರಿಯ ದಾಖಲೆಯಲ್ಲಿ ಆ ಸಂಜೆ ಅಂಥ ದೊಡ್ಡ ಗಾಳಿಯೇನಿಲ್ಲ ಎಂದರು. ಆ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದದ್ದು, ಪುಣೆಯ ಜನ ಅದನ್ನು ಶಿಮ್ಲಾ ಆಫೀಸೆಂದೇ ಕರೆಯುತ್ತಾರೆ. ಹೆಸರು ಕೇಳಿ ಚಳಿ ಹತ್ತುತ್ತದೆ! ಅಲ್ಲಿಯ ದಾಖಲೆ ಪ್ರಮಾಣವಾದದ್ದೇ. ಆದರೆ ಅಡ್ಡಮಳೆಯ ಗಾಳಿ ಒಂದು ಪೇಟೆಯಲ್ಲಿ ಮರ ಕಿತ್ತು, ಪಕ್ಕದ ಪೇಟೆಯಲ್ಲಿ ಎಲೆ ಅಲ್ಲಾಡಿಸುವುದಿಲ್ಲ. ಶಿವಾಜಿನಗರದಿಂದ ಭೋಸರಿ ಎಷ್ಟು ದೂರ? ನಾವು ಓದಿದ ಆ ಪಾಲಿಸಿಯಲ್ಲಿ ಗಾಳಿಯ ವೇಗ ಇಷ್ಟೇ ಇರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಆಗ ನಮ್ಮ ಕೈ ಹಿಡಿದದ್ದು ಈ ವಾಚನಾಲಯ. ಆ ವಾರದ ಮರಾಠಿ ಪತ್ರಿಕೆಗಳನ್ನು ತಿರುವಿದೆವು. ಭೋಸರಿಯ ಕಡೆ ಮರ ಬಿದ್ದು ತಗಡು ಹಾರಿದ ಸುದ್ದಿ ಒಳಪುಟದಲ್ಲಿ ಆರು ಸಾಲು ಇತ್ತು. ಆ ಆರು ಸಾಲು, ಪಕ್ಕದ ಎರಡು ಮನೆಗಳ ಫೋಟೋ, ಬೆಳ್ಳಗೆ ಹೊಳೆಯುವ ಹುಕ್ಕು, ಇವು ವರದಿಯೊಂದಿಗೆ ಹೋದುವು.

ಮೊದಲು ಅರ್ಧ ಕೊಡುತ್ತೇವೆಂದು ಪತ್ರ ಬಂದಿತು, ಜೊತೆಗೆ 'ಪೂರ್ಣ ಹಾಗೂ ಅಂತಿಮ' ಎಂದು ಅಚ್ಚಾದ ಸಹಿಯ ಕಾಗದ. ಮನೆಯಲ್ಲಿ ಹಣದ ಅಡಚಣೆ, ಮುಂದೆ ಮಳೆಗಾಲ. ಸಹಿ ಮಾಡಿಬಿಡೋಣವೆಂದರು. ತಡೆದೆವು. ಒಂದು ಪುಟದ ಪತ್ರ ಬರೆದು, ಕಡಿತಕ್ಕೆ ಕಾರಣ ಬರಹದಲ್ಲಿ ಕೊಡಿ, ಸರ್ವೇಯರ್ ವರದಿಯ ಪ್ರತಿ ಕೊಡಿ ಎಂದು ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆವು. ಮೂರು ವಾರದ ಮೇಲೆ ತಿದ್ದಿದ ಮೊತ್ತ ಬಂದಿತು. ಪೂರ್ತಿಯಲ್ಲ. ನಾಲ್ಕು ತಗಡು ಮೊದಲೇ ತೂತಾಗಿದ್ದುವೆಂದು ಕಳೆದರು. ಅದು ನಿಜವೂ ಆಗಿತ್ತು.

ಕಂಪನಿ ಒಪ್ಪದಿದ್ದರೆ? 155255 ಎಂಬ ನಂಬರಿಗೆ ಫೋನು ಮಾಡಿ, ಇಲ್ಲವೆ 'ಬಿಮಾ ಭರೋಸಾ' ಎಂಬ ಸರಕಾರಿ ವ್ಯವಸ್ಥೆಯ ಮೂಲಕ ದೂರು ದಾಖಲಿಸಬಹುದು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರ ಕಡೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು. ಅವರ ಕಚೇರಿ ಪುಣೆಯಲ್ಲಿಯೇ, ನಾರಾಯಣ ಪೇಟೆಯ ಎನ್. ಸಿ. ಕೇಳಕರ ರಸ್ತೆಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. 2023ರಲ್ಲಿ ಅವರ ಅಧಿಕಾರದ ಮಿತಿಯನ್ನು 50 ಲಕ್ಷಕ್ಕೆ ಏರಿಸಿದರು, ನಮ್ಮ ತಗಡಿಗೆ ಧಾರಾಳವಾಯಿತು. 2024ರ ಜೂನ್ ತಿಂಗಳ ಸುತ್ತೋಲೆಯಲ್ಲಿ ವಿಮಾ ಪ್ರಾಧಿಕಾರವು ಕಂಪನಿಗಳಿಗೆ ಗಡುವನ್ನೂ ಹಾಕಿತು: ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ನಿರ್ಧಾರ. ಪತ್ರ ಬರೆಯುವಾಗ ಈ ಗಡುವನ್ನು ಉಲ್ಲೇಖಿಸಿರಿ. ಓದುವವರು ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತಾರೆ.

ವಿಮೆಯೇ ಇಲ್ಲದವರು ಏನು ಮಾಡಬೇಕೆಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದೀರಿ. ತಲಾಠಿಗಳಿಂದ ಪಂಚನಾಮೆ ಮಾಡಿಸಬೇಕು. ಅದು ಸರಕಾರದ ನೆರವು, ಹಾನಿಯ ಬೆಲೆಯಲ್ಲ. 2022ರಿಂದ 2026ರ ವರೆಗಿನ ಅವಧಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ದರದಲ್ಲಿ, ಶೇಕಡಾ 15ಕ್ಕೆ ಕಡಿಮೆಯಿಲ್ಲದಂತೆ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಮನೆ ಪೂರ್ತಿ ಬಿದ್ದರೆ ಬಯಲು ಸೀಮೆಯಲ್ಲಿ 1 ಲಕ್ಷ 20 ಸಾವಿರ. ವಿಮೆ ಇದ್ದವರೂ ಪಂಚನಾಮೆ ಮಾಡಿಸಿಕೊಳ್ಳಲಿ, ಅದು ಹಾನಿಗೆ ಇನ್ನೊಂದು ಸಾಕ್ಷಿ.

ಬಾಡಿಗೆಯವರ ವಿಷಯ. ಮಾಡು ಮಾಲೀಕರದು, ಅದರ ವಿಮೆ ಅವರಿಗೆ ಬಿಟ್ಟದ್ದು. ಆದರೆ ಒಳಗಿನ ಪಾತ್ರೆ, ಟಿ.ವಿ., ಕಪಾಟು ನಿಮ್ಮವು. ಸಾಮಾನಿಗಷ್ಟೇ ಬೇರೆಯಾಗಿ ವಿಮೆ ಇಳಿಸಬಹುದು. ಸೊಸಾಯಟಿಯ ಫ್ಲ್ಯಾಟಿನವರು ಗಚ್ಚಿನ ಮೇಲಿನ ಶೆಡ್ಡು ಸೊಸಾಯಟಿಯ ಪಾಲಿಸಿಯಲ್ಲಿದೆಯೆ ಎಂದು ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿರಿ. ಚಹಾ ಕುಡಿದು ಬರಬೇಡಿರಿ.

ಜಾತ್ರೆಗೆ, ಹಬ್ಬಕ್ಕೆ, ಸುಗ್ಗಿಗೆ ಎಂದು ಬೀಗ ಹಾಕಿ ಊರಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಹಳೆಯ ಮಾದರಿಯ ಪಾಲಿಸಿಯಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದರೆ ರಕ್ಷಣೆ ನಿಲ್ಲುವ ಷರತ್ತಿತ್ತು, ಕಂಪನಿಯ ಒಪ್ಪಿಗೆ ಮೊದಲೇ ಪಡೆದಿರಬೇಕಿತ್ತು. ನಿಮ್ಮದರಲ್ಲಿ ಏನಿದೆ ಎಂದು ಓದಿ ನೋಡಿರಿ. ಓದಲಾಗದವರು ಇಲ್ಲಿಗೆ ತರಬಹುದು, ಭಾನುವಾರ ಬೆಳಿಗ್ಗೆ ನಾವು ಇಲ್ಲಿಯೇ ಇರುತ್ತೇವೆ.

ಇನ್ನೊಂದು ಮಾತು, ಇದನ್ನು ಗ್ರಂಥಪಾಲರು ಹೇಳಲು ಹೇಳಿದ್ದಾರೆ. ಪತ್ರಿಕೆಗಳ ಹಳೆಯ ಕಟ್ಟುಗಳು ಒಳಖೋಲಿಯ ಕೆಳಗಿನ ಕಪಾಟಿನಲ್ಲಿ ತಿಂಗಳವಾರು ಇವೆ. ಮಳೆ ಗಾಳಿಯ ಸುದ್ದಿ ಬೇಕಾದವರು ಕೇಳಿ ಪಡೆದು, ತಾರೀಖು ಕಾಣುವ ಹಾಗೆ ಪುಟದ ಫೋಟೋ ತೆಗೆದುಕೊಳ್ಳಬಹುದು. ಭೋಸರಿಯ ಆ ಆರು ಸಾಲನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ ಒಯ್ದಿದ್ದರು, ಅದು ಯಾರೆಂದು ಗ್ರಂಥಪಾಲರಿಗೆ ಗೊತ್ತಿದೆ. ಅವರು ನಮ್ಮ ಹೆಸರು ಹೇಳದೆ ಬಿಟ್ಟದ್ದಕ್ಕೆ ಇಲ್ಲಿಯೇ ವಂದನೆ ಸಲ್ಲಿಸುತ್ತೇವೆ.